‘ಇಷ್ಟೇನಾ?’ ಅಂದ್ರೆ ಸಾಕಾಗಲ್ಲ

ಸುಳ್ಯದಲ್ಲಿ ಒಬ್ಬರು ಅಡಿಕೆ ಸುಲಿಯುವ ಯಂತ್ರಕ್ಕೆ ಹೊಸ ಥರದ ಬ್ಲೇಡು ಕೂರಿಸಿ ಪೇಟೆಂಟ್ ಕೇಳಿದರು ಅಂತಿಟ್ಟುಕೊಳ್ಳಿ. ‘ಇದು ಸುಲಭವಾಗಿ ಹೊಳೆಯುವಂಥದ್ದು’ ಅಂತ ಕಚೇರಿ ಅರ್ಜಿ ತಳ್ಳಿಹಾಕಿತು. ಮುಂದೇನು?

ಮೇಲ್ಮನವಿ. ಮೊದಲು ಅದಕ್ಕೆಂದೇ ಒಂದು ಮಂಡಳಿ ಇತ್ತು, 2021ರಲ್ಲಿ ರದ್ದಾಯಿತು. ಈಗ ಹೈಕೋರ್ಟೇ ಗತಿ. ಅದೂ ನಮ್ಮ ಹೈಕೋರ್ಟಲ್ಲ! ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುವುದರಿಂದ ಸುಳ್ಯದವರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಬೇಕು.

ಅಲ್ಲಿ ವಾದ ಏನು? ನೋಡಿ, ಯಂತ್ರ ಕಣ್ಣೆದುರು ಬಂದಮೇಲೆ ‘ಇಷ್ಟೇನಾ, ನಾನೂ ಮಾಡ್ತಿದ್ದೆ’ ಅನ್ನೋದು ಎಲ್ಲರಿಗೂ ಸುಲಭ. ಕಾನೂನು ಕೇಳುವುದು ಬೇರೆ. ಅರ್ಜಿ ಹಾಕಿದ ದಿನ, ಆ ಕಸುಬು ಬಲ್ಲ ಸಾಧಾರಣ ಕೆಲಸಗಾರನಿಗೆ, ಆಗ ಗೊತ್ತಿದ್ದ ವಿಷಯಗಳಿಂದಲೇ ಇದು ಹೊಳೆಯುತ್ತಿತ್ತೇ? ಪ್ರಶ್ನೆ ಇಷ್ಟೇ.

ಸುಪ್ರೀಂ ಕೋರ್ಟ್ 1978ರ ಡಿಸೆಂಬರ್‌ನಲ್ಲಿ ಮಿರ್ಜಾಪುರದ ಪಾತ್ರೆ ತಯಾರಕರ ಜಗಳ ತೀರ್ಮಾನಿಸಿತು. ಲೇತಿನಲ್ಲಿ ಪಾತ್ರೆಯನ್ನು ಅರಗಿನಿಂದ ಅಂಟಿಸುವ ಬದಲು ಒತ್ತಿ ಹಿಡಿಯುವ ಸಾಧನಕ್ಕೆ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪೇಟೆಂಟ್ ಪಡೆದಿತ್ತು. ಎದುರಾಳಿ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಸಂಸ್ಥೆ. ಲೇತಿನ ತುದಿಯಲ್ಲಿ ಒತ್ತಿ ಹಿಡಿಯುವ ಭಾಗ ಮೊದಲೇ ಎಲ್ಲರಿಗೂ ಗೊತ್ತಿದ್ದದ್ದು, ಇದು ವರ್ಕ್‌ಶಾಪಿನಲ್ಲಿ ಮಾಡಿಕೊಳ್ಳುವ ಮಾಮೂಲಿ ಸುಧಾರಣೆ ಅಂದಿತು ಕೋರ್ಟು. ಪೇಟೆಂಟ್ ಉಳಿಯಲಿಲ್ಲ. ಕೆಲಸಕ್ಕೆ ಬರುತ್ತೆ ಅನ್ನೋದೊಂದೇ ಸಾಲದು, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇರಬೇಕು.

ಹಾಗಾದರೆ ನಮ್ಮ ಸುಳ್ಯದವರು ಏನು ತೋರಿಸಬೇಕು? ಹಳೆಯ ಬ್ಲೇಡಿನಲ್ಲಿ ಎಷ್ಟು ಅಡಿಕೆ ಒಡೆಯುತ್ತಿತ್ತು, ಹೊಸದರಲ್ಲಿ ಎಷ್ಟು, ಅಳೆದು ಬರೆದಿಟ್ಟ ಲೆಕ್ಕ. ಬಲ್ಲವರೂ ನಿರೀಕ್ಷಿಸದಿದ್ದ ಫಲಿತಾಂಶವಾದರೆ ವಾದಕ್ಕೆ ಬಲ. ಹಳೆಯ ದಾಖಲೆಗಳು ‘ಈ ದಾರಿ ಬೇಡ’ ಅಂತ ಹೇಳಿದ್ದರೆ ಇನ್ನೂ ಒಳ್ಳೇದು. ‘ಹತ್ತು ವರ್ಷ ಕಷ್ಟಪಟ್ಟೆ ಸ್ವಾಮಿ’ ಅಂದರೆ ಮಾತ್ರ ನಡೆಯಲ್ಲ. ಅಧಿಕಾರಿಯೂ ಅಷ್ಟೇ, ನಾಲ್ಕು ಹಳೆಯ ಕಾಗದ ಪೇರಿಸಿ ‘ಹೊಳೆಯುತ್ತೆ’ ಅಂತ ಒಂದೇ ಸಾಲು ಬರೆದು ಕೈತೊಳೆಯುವಂತಿಲ್ಲ. ಹೇಗೆ ಹೊಳೆಯುತ್ತೆ ಅಂತ ಕಾರಣ ಕೊಡಬೇಕು. ಕಾರಣವಿಲ್ಲದ ಆದೇಶಗಳನ್ನು ಹೈಕೋರ್ಟುಗಳು ವಾಪಸ್ ಕಳಿಸಿದ್ದುಂಟು.

ಇದರ ಇನ್ನೊಂದು ಮುಖವೂ ಇದೆ. ತೋಟದವರು ಮೊದಲಿಂದ ಮಾಡುತ್ತಾ ಬಂದದ್ದಕ್ಕೇ ಯಾವುದೋ ಕಂಪನಿ ಪೇಟೆಂಟ್ ಕೇಳಿದರೆ? ಮಂಜೂರಾಗುವ ಮುಂಚೆ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು, ನೀವೂ ಸಹ. ಆಗ ಬೇಕಾಗುವುದು ತಾರೀಖಿರುವ ಪುರಾವೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ರೈತರೇ ತಮ್ಮ ಪ್ರಯೋಗಗಳನ್ನು ಬರೆದಿದ್ದಾರಲ್ಲ, ಅಂಥ ಹಳೆಯ ಸಂಚಿಕೆಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.