ಯಾರ ಅನಂತ ದೊಡ್ಡದು?

ಭೀಮನು ಹೆಚ್ಚೋ, ಹನುಮಂತನು ಹೆಚ್ಚೋ ಎಂಬ ಜಗಳ ನಮ್ಮ ಮನೆಗಳ ಜಗುಲಿಗೆ ಹೊಸತಲ್ಲ. ಭೀಮನಿಗೆ ಹತ್ತು ಸಾವಿರ ಆನೆಗಳ ಬಲವೆಂದು ಭಾರತ ಹೇಳುತ್ತದೆ. ಎಷ್ಟೇ ದೊಡ್ಡದಾದರೂ ಅದೊಂದು ಸಂಖ್ಯೆ. ಹನ್ನೊಂದು ಸಾವಿರ ಆನೆಗಳ ಬಲವುಳ್ಳವನೊಬ್ಬನು ಎದುರು ನಿಂತರೆ ಫಲವೇನೆಂದು ಹುಡುಗರೂ ಲೆಕ್ಕ ಹಾಕಿ ಹೇಳಿಯಾರು. ಚಿತ್ರಕಥೆಗಳಿಂದಲೂ ಚಲಚ್ಚಿತ್ರಗಳಿಂದಲೂ ಈಗಿನ ಮಕ್ಕಳು ಪರಿಚಯ ಮಾಡಿಕೊಂಡಿರುವ ವೀರರಿಗಾದರೋ ಇಂಥ ಮಿತಿಯಿಲ್ಲ. ಒಬ್ಬನ ಬಲ ಅನಂತ. ಅವನ ವೈರಿಯ ಬಲವೂ ಅನಂತ. ಆಗ ಮೇಲಾದವನು ಯಾರು?

ಅಮೆರಿಕದ ಚಿತ್ರಕಥೆಗಳ ಅಭಿಮಾನಿಗಳು ಈ ಪ್ರಶ್ನೆಯನ್ನು ಅಷ್ಟಕ್ಕೆ ಬಿಟ್ಟವರಲ್ಲ. “ನಿನ್ನವನ ಅನಂತ ಎಣಿಕೆಗೆ ಸಿಗುವಂಥದು, ನನ್ನವನದು ಎಣಿಕೆಗೆ ಸಿಗದಂಥದು, ಆದ್ದರಿಂದ ನನ್ನವನೇ ಮೇಲು” ಎಂದು ವಾದಿಸುವವರು ಅವರಲ್ಲಿದ್ದಾರೆ. ಕೇಳಿದೊಡನೆ ಹುಡುಗಾಟವೆನಿಸುವ ಈ ಮಾತಿನ ಹಿಂದೆ ಗಣಿತದ ನಿಜವಾದ ಸಿದ್ಧಾಂತವೊಂದಿದೆ. ಅದನ್ನು ಕಂಡುಹಿಡಿದವನು ಅದರ ಸಲುವಾಗಿ ಬಹಳ ನೊಂದವನು.

ಆತನ ಹೆಸರು ಗೆಯಾರ್ಗ್ ಕ್ಯಾಂಟರ್. 1845ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಜರ್ಮನಿಯ ಹಾಲೆ ನಗರದ ವಿಶ್ವವಿದ್ಯಾಲಯದಲ್ಲಿ ಬಾಳೆಲ್ಲ ಪಾಠ ಹೇಳಿದವನು. ಆತನು ಹಿಡಿದ ದಾರಿ ಅತ್ಯಂತ ಸರಳವಾದುದು. ಮದುವೆಯ ಪಂಕ್ತಿಯಲ್ಲಿ ಎಲೆಗಳೆಷ್ಟು, ಉಣ್ಣುವವರೆಷ್ಟು ಎಂದು ಎಣಿಸದೆಯೇ, ಎಲೆಗೊಬ್ಬರು ಕುಳಿತು ಎಲೆಯೂ ಉಳಿಯದೆ ಜನರೂ ಉಳಿಯದಿದ್ದರೆ ಎರಡೂ ಸಮವೆಂದು ಬಡಿಸುವವನು ತಿಳಿಯುತ್ತಾನಲ್ಲವೆ? ಅನಂತಕ್ಕೂ ಅದೇ ಅಳತೆ ಸಾಕೆಂದನು ಕ್ಯಾಂಟರ್. ಒಂದು, ಎರಡು, ಮೂರು ಎಂದು ಕ್ರಮವಾಗಿ ಹೆಸರು ಕೂಗಿ, ಯಾರನ್ನೂ ಬಿಡದೆ ಕೂರಿಸಬಹುದಾದ ಅನಂತವೇ ಎಣಿಕೆಗೆ ಸಿಗುವ ಅನಂತ.

ಈ ಅಳತೆಯನ್ನು ಒಪ್ಪಿದರೆ ವಿಚಿತ್ರಗಳು ಎದುರಾಗುತ್ತವೆ. ಎಲ್ಲ ಸಂಖ್ಯೆಗಳೆಷ್ಟೋ ಸಮಸಂಖ್ಯೆಗಳೂ ಅಷ್ಟೇ. ಒಂದಕ್ಕೆ ಎರಡನ್ನೂ, ಎರಡಕ್ಕೆ ನಾಲ್ಕನ್ನೂ, ಮೂರಕ್ಕೆ ಆರನ್ನೂ ಜೋಡಿಸುತ್ತ ಹೋದರೆ ಯಾವುದೂ ಒಂಟಿಯಾಗಿ ಉಳಿಯುವುದಿಲ್ಲ. 1991ರ ಚಿತ್ರಕಥೆಯಲ್ಲಿಯೂ 2018ರ ಚಲಚ್ಚಿತ್ರದಲ್ಲಿಯೂ ಥ್ಯಾನೋಸ್ ಎಂಬ ಖಳನು ಬೆರಳು ಚಿಟಿಕೆ ಹೊಡೆದು ವಿಶ್ವದ ಜೀವಿಗಳಲ್ಲಿ ಅರ್ಧದಷ್ಟನ್ನು ಅಳಿಸಿಬಿಡುತ್ತಾನೆ. ಆ ಜೀವಿಗಳು ಎಣಿಕೆಗೆ ಸಿಗುವ ಅನಂತವಾಗಿದ್ದ ಪಕ್ಷದಲ್ಲಿ, ಅಳಿದವರೂ ಉಳಿದವರೂ ಮೊದಲಿದ್ದವರೂ ಒಂದೇ ಲೆಕ್ಕ! ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಈ ಲೆಕ್ಕವನ್ನು ಒಪ್ಪಿಸುವ ಧೈರ್ಯ ಯಾವ ಗಣಿತಜ್ಞನಿಗೂ ಬರಲಾರದು.

ಹಾಗಾದರೆ ಎಲ್ಲ ಅನಂತಗಳೂ ಸಮವೆ? ಅಲ್ಲವೆಂದು ಕ್ಯಾಂಟರ್ 1874ರಲ್ಲಿ ತೋರಿಸಿದನು. 1891ರಲ್ಲಿ ಅದಕ್ಕೆ ಇನ್ನೂ ಸುಲಭವಾದ ಯುಕ್ತಿಯೊಂದನ್ನು ಕೊಟ್ಟನು. ಚಿತ್ರಕಥೆಗಳ ಬಹುಲೋಕಗಳನ್ನೇ ತೆಗೆದುಕೊಂಡರೆ ಆ ಯುಕ್ತಿ ಚೆನ್ನಾಗಿ ತಿಳಿದೀತು. ಒಬ್ಬ ವೀರನಿದ್ದಾನೆ. ದಿನಕ್ಕೊಮ್ಮೆ ಆತನು ಯುದ್ಧಕ್ಕೆ ಹೊರಡಬಹುದು, ಇಲ್ಲವೇ ಮನೆಯಲ್ಲಿ ಉಳಿಯಬಹುದು. ದಿನಗಳಿಗೆ ಕೊನೆಯಿಲ್ಲ. ಹೊರಟದ್ದು, ಉಳಿದದ್ದು ಎಂಬ ಪ್ರತಿಯೊಂದು ಸಾಲಿಗೂ ಒಂದೊಂದು ಲೋಕ ಬೇರೆ. ಈ ಲೋಕಗಳನ್ನೆಲ್ಲ ಒಂದನೆಯದು, ಎರಡನೆಯದು ಎಂದು ಯಾರೋ ಪಟ್ಟಿ ಮಾಡಿ ತಂದರೆನ್ನೋಣ. ಒಂದನೆಯ ಲೋಕದಲ್ಲಿ ಆತನು ಮೊದಲ ದಿನ ಮಾಡಿದ್ದಕ್ಕೆ ವಿರುದ್ಧವಾದುದನ್ನು ಮೊದಲ ದಿನ ಮಾಡಲಿ, ಎರಡನೆಯ ಲೋಕದಲ್ಲಿ ಎರಡನೆಯ ದಿನ ಮಾಡಿದ್ದಕ್ಕೆ ವಿರುದ್ಧವಾದುದನ್ನು ಎರಡನೆಯ ದಿನ, ಹೀಗೆಯೇ ಮುಂದಕ್ಕೆ. ಇದರಿಂದ ಹುಟ್ಟುವ ಲೋಕವು ಪಟ್ಟಿಯಲ್ಲಿರುವ ಪ್ರತಿಯೊಂದು ಲೋಕದೊಡನೆಯೂ ಒಂದು ದಿನವಾದರೂ ಭಿನ್ನವಾಗಿರುತ್ತದೆ. ಎಂದಮೇಲೆ ಅದು ಪಟ್ಟಿಯಲ್ಲಿಲ್ಲ. ಅದನ್ನೂ ಸೇರಿಸಿ ಹೊಸ ಪಟ್ಟಿ ಮಾಡಿದರೆ, ಅದೇ ಉಪಾಯದಿಂದ ಮತ್ತೊಂದು ಲೋಕ ಹೊರಗೆ ಉಳಿಯುತ್ತದೆ. ಪಂಕ್ತಿ ಕೊನೆಯಿಲ್ಲದಷ್ಟು ಉದ್ದವಾದರೂ ಎಲೆ ಸಿಗದವರು ಇದ್ದೇ ಇರುತ್ತಾರೆ. ಇದು ಎಣಿಕೆಗೆ ಸಿಗದ ಅನಂತ.

ಇಷ್ಟರ ಮಟ್ಟಿಗೆ ಅಭಿಮಾನಿಗಳ ವಾದ ಸರಿಯಾದುದೇ. ಲೋಕಗಳಿಗೆ ಅಂಕೆ ಹಾಕಿ ಒಂದೊಂದನ್ನೇ ನಾಶಮಾಡುತ್ತ ಹೋದ ಖಳನೊಬ್ಬನು ಅನಂತ ಲೋಕಗಳನ್ನು ಮುಗಿಸಿದರೂ, ಮೇಲೆ ಹೇಳಿದ ಬಹುಲೋಕಕ್ಕೆ ಆದ ನಷ್ಟ ಅತ್ಯಲ್ಪ. ನಾಣ್ಯವನ್ನು ಕೊನೆಯಿಲ್ಲದೆ ಚಿಮ್ಮಿ, ಬಿದ್ದ ಮುಖಗಳಿಗೆ ಅನುಸಾರವಾಗಿ ಒಂದು ಲೋಕವನ್ನು ಆರಿಸಿದರೆ, ಅದು ಅವನು ಕೆಡವಿದ ಲೋಕಗಳಲ್ಲಿ ಒಂದಾಗಿರುವ ಸಂಭವ ಸೊನ್ನೆ.

ಆದರೆ ಸಂಖ್ಯೆ ಹೆಚ್ಚಾದಲ್ಲಿ ಶಕ್ತಿಯೂ ಹೆಚ್ಚೆಂದು ತೀರ್ಮಾನಿಸುವಲ್ಲಿ ಅವರು ಎಡವುತ್ತಾರೆ. ಒಂದು ಅಂಗುಲದ ಗೆರೆಯಲ್ಲಿರುವ ಬಿಂದುಗಳೂ ಎಣಿಕೆಗೆ ಸಿಗದ ಅನಂತವೇ. ಅಷ್ಟು ಮಾತ್ರವಲ್ಲ, ಗೆರೆಯಲ್ಲಿ ಎಷ್ಟು ಬಿಂದುಗಳೋ ಇಡೀ ಆಕಾಶದಲ್ಲಿಯೂ ಅಷ್ಟೇ. 1877ರಲ್ಲಿ ಇದನ್ನು ಸಾಧಿಸಿ ಗೆಳೆಯ ಡೆಡೆಕಿಂಡನಿಗೆ ಪತ್ರ ಬರೆದ ಕ್ಯಾಂಟರ್ ತನ್ನ ಸಾಧನೆಯನ್ನು ತಾನೇ ನಂಬಲಾರದೆ ಹೋದನು. ಬಿಂದುಗಳ ಎಣಿಕೆಯೇ ಪರಾಕ್ರಮವಾದರೆ, ಕೈಯಲ್ಲಿ ಬಳಪವನ್ನು ಪುಡಿಮಾಡಿದ ಶಾಲೆಯ ಹುಡುಗನು ಕೋಟಿ ಕೋಟಿ ಲೋಕಗಳ ಸಂಹಾರಕನಿಗಿಂತ ದೊಡ್ಡ ವೀರನಾಗಬೇಕಾದೀತು. ಭಾರತದ ಕವಿ ಈ ತೊಡಕಿಗೆ ಕೈ ಹಾಕಲೇ ಇಲ್ಲ. ಮುದಿ ಕಪಿಯೊಂದರ ಬಾಲವನ್ನು ದಾರಿಗೆ ಅಡ್ಡ ಹಾಕಿಸಿ, ಹತ್ತು ಸಾವಿರ ಆನೆಗಳ ಬಲದವನಿಂದ ಅದನ್ನು ಎತ್ತಲಾಗದಂತೆ ಮಾಡಿದನು. ಹನುಮಂತನ ಬಲಕ್ಕೆ ಸಂಖ್ಯೆಯ ಅಗತ್ಯವೇ ಬೀಳಲಿಲ್ಲ.

ಕ್ಯಾಂಟರನ ಕಾಲದಲ್ಲಿ ಈ ವಿಚಾರ ಆಟವಾಗಿರಲಿಲ್ಲ. ಬರ್ಲಿನ್ನಿನ ಪ್ರಭಾವಶಾಲಿ ಗಣಿತಜ್ಞನಾದ ಕ್ರೋನೆಕರ್ ಆತನ ಸಿದ್ಧಾಂತವನ್ನು ಕಟುವಾಗಿ ವಿರೋಧಿಸಿದನು. 1884ರಲ್ಲಿ ಕ್ಯಾಂಟರನ ಮನಸ್ಸಿನ ಆರೋಗ್ಯ ಕೆಟ್ಟಿತು. ಮುಂದೆಯೂ ಅದು ಮತ್ತೆ ಮತ್ತೆ ಕಾಡಿತು. ಎರಡು ಅನಂತಗಳ ನಡುವೆ ಮೂರನೆಯದೊಂದು ಇದೆಯೆ ಎಂಬ ಪ್ರಶ್ನೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ. 1918ರ ಜನವರಿಯಲ್ಲಿ ಹಾಲೆಯ ಚಿಕಿತ್ಸಾಲಯದಲ್ಲಿ ಆತನು ತೀರಿಕೊಂಡನು. ಗಣಿತದ ರೂಢಿಯ ಆಧಾರಸೂತ್ರಗಳಿಂದ ಆ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಉತ್ತರ ಹೊರಡುವುದಿಲ್ಲವೆಂಬುದು ಗಡೆಲ್ ಮತ್ತು ಕೊಹೆನ್ ಇವರ ಶ್ರಮದಿಂದ 1963ರಲ್ಲಿ ಪೂರ್ತಿಯಾಗಿ ಗೊತ್ತಾಯಿತು. ಇಬ್ಬರು ವೀರರ ನಡುವೆ ಮೂರನೆಯವನನ್ನು ತೂರಿಸಬೇಕೆನ್ನುವ ಅಭಿಮಾನಿಗೆ ಗಣಿತದ ಕಡೆಯಿಂದ ಅಡ್ಡಿಯೂ ಇಲ್ಲ, ಸಹಾಯವೂ ಇಲ್ಲ.

ಇನ್ನು ಕಥೆಗಾರರ ಪಾಡು. 1961ರಲ್ಲಿ ‘ಫ್ಲ್ಯಾಷ್’ ಎಂಬ ಅತಿವೇಗದ ವೀರನು ಬೇರೊಂದು ಲೋಕದಲ್ಲಿ ಅದೇ ಹೆಸರಿನ ಹಳೆಯ ವೀರನನ್ನು ಸಂಧಿಸಿದ ಮೇಲೆ ಲೋಕಗಳು ಬೆಳೆಯುತ್ತ ಹೋದವು. ಹೊಸ ಓದುಗರಿಗೆ ದಿಕ್ಕು ತಪ್ಪತೊಡಗಿತು. ಪ್ರಕಾಶಕರು 1985–86ರಲ್ಲಿ ಹನ್ನೆರಡು ಸಂಚಿಕೆಗಳ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಎಂಬ ಕಥೆಯನ್ನು ಹೊರಡಿಸಿ, ಅಸಂಖ್ಯ ಲೋಕಗಳನ್ನು ಅಳಿಸಿ, ಉಳಿದವುಗಳನ್ನು ಬೆಸೆದು ಒಂದೇ ಲೋಕ ಮಾಡಿದರು. ಕೆಲವೇ ಪುಟಗಳಲ್ಲಿ ಬೆಳ್ಳಗಾಗಿ ಮಾಯವಾದ ಆ ಲೋಕಗಳಿಗಾಗಿ ಕಣ್ಣೀರಿಟ್ಟವರು ವಿರಳ. ಏಳನೆಯ ಸಂಚಿಕೆಯ ರಕ್ಷಾಪುಟದಲ್ಲಿ ತಂಗಿಯಾಗಬೇಕಾದ ಸೂಪರ್‌ಗರ್ಲಳ ದೇಹವನ್ನು ತೋಳಿನಲ್ಲಿ ಹೊತ್ತು ಅಳುತ್ತಿರುವ ಸೂಪರ್‌ಮ್ಯಾನನ ಚಿತ್ರವಿತ್ತು. ಅದನ್ನು ಓದುಗರು ಇಂದಿಗೂ ಮರೆತಿಲ್ಲ. ಮುಂದಿನ ಸಂಚಿಕೆಯಲ್ಲಿ ಫ್ಲ್ಯಾಷನೂ ಸತ್ತನು.

ಬಹುಲೋಕದ ಆಸೆ ಮಾತ್ರ ಸಾಯಲಿಲ್ಲ. 2007ರ ಹೊತ್ತಿಗೆ ಅವೇ ಪ್ರಕಾಶಕರು ಲೋಕಗಳನ್ನು ಮರಳಿ ತಂದರು. ಈ ಸಲ ಜಾಗ್ರತೆಯಿಂದ, ಒಟ್ಟು 52.