ವಲಸಿಗರ ಪತ್ರಿಕೆಗೆ ಒಡೆಯರಾರು?

(ಹೋಬೋಕನ್‌ನಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯವೃತ್ತಿಯಲ್ಲಿರುವ ನಾವು ಪತ್ರಿಕೆಗಳ ವಿಚಾರವನ್ನೆತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಪತ್ರಿಕೆಗೂ ಹುಟ್ಟು, ಪ್ರಾಯ, ಮುಪ್ಪುಗಳುಂಟು. ಅದರ ಆಯುಸ್ಸು ಯಾವುದನ್ನು ಅವಲಂಬಿಸಿದೆಯೆಂಬುದು ಪರದೇಶದಲ್ಲಿ ಕನ್ನಡ ಸಂಚಿಕೆ ಹೊರತರುವ ನಮ್ಮೆಲ್ಲರ ಪ್ರಶ್ನೆ.

ಹಡ್ಸನ್ ನದಿಯ ಆಚೆ ದಡದ ನ್ಯೂಯಾರ್ಕಿನಲ್ಲಿ 1910ರಲ್ಲಿ 'ರುಸ್ಕೊಯೆ ಸ್ಲೊವೊ' ಎಂಬ ರಷ್ಯನ್ ಪತ್ರಿಕೆ ಹುಟ್ಟಿತು. 1920ರಲ್ಲಿ ಅದು 'ನೊವೊಯೆ ರುಸ್ಕೊಯೆ ಸ್ಲೊವೊ', ಅಂದರೆ 'ಹೊಸ ರಷ್ಯನ್ ನುಡಿ' ಎಂದಾಯಿತು. ಸುಮಾರು ಅರ್ಧ ಶತಮಾನ ಮಾರ್ಕ್ ವೈನ್‌ಬೌಮ್ ಅದರ ಸಂಪಾದಕರಾಗಿದ್ದರು. 1973ರಲ್ಲಿ ಅವರು ತೀರಿಕೊಂಡ ಮೇಲೆ ಆ ಹೊಣೆ ಆಂದ್ರೇಯ್ ಸೆದೀಖ್ ಅವರಿಗೆ ಬಂದಿತು. ಮುಂದೆ ವಲೇರಿ ವೈನ್‌ಬರ್ಗ್ ಪ್ರಕಾಶಕರಾದರು. ಒಡೆತನವು ಖಾಸಗಿಯವರ ಕೈಯಲ್ಲಿಯೇ ಉಳಿಯಿತು. 1917ರ ಕ್ರಾಂತಿಯಿಂದ ನೆಲೆ ತಪ್ಪಿದವರು, ಎರಡನೆಯ ಮಹಾಯುದ್ಧದ ನಿರಾಶ್ರಿತರು, 1970ರ ದಶಕದಲ್ಲಿ ಸೋವಿಯತ್ ಒಕ್ಕೂಟ ಬಿಟ್ಟುಬಂದ ಯಹೂದ್ಯರು, ಹೀಗೆ ಒಂದೊಂದು ವಲಸೆಯೂ ಪತ್ರಿಕೆಗೆ ಹೊಸ ರಕ್ತ ಕೊಟ್ಟಿತು. ಆದರೆ ವಲಸಿಗರ ಮಕ್ಕಳು ಇಂಗ್ಲಿಷಿನ ಕಡೆಗೆ ಹೊರಳಿದರು. 2009ರಲ್ಲಿ ದಿನಪತ್ರಿಕೆ ವಾರಪತ್ರಿಕೆಯಾಯಿತು. 2010ರಲ್ಲಿ, ನೂರನೆಯ ವರ್ಷದಲ್ಲಿ, ನಿಂತೇಹೋಯಿತು.

ಈಗ ನಮ್ಮ ನೆರೆಯ ಜರ್ಸಿ ಸಿಟಿಯನ್ನು ನೋಡೋಣ. ಅಲ್ಲಿ 1893ರಲ್ಲಿ 'ಸ್ವೊಬೊದಾ' ಎಂಬ ಉಕ್ರೇನಿಯನ್ ಪತ್ರಿಕೆಯನ್ನು ಪಾದ್ರಿ ಹ್ರಿಹೋರಿ ಹ್ರುಷ್ಕಾ ಪ್ರಾರಂಭಿಸಿದರು. ಮರುವರ್ಷವೇ ಹುಟ್ಟಿದ 'ಉಕ್ರೇನಿಯನ್ ನ್ಯಾಷನಲ್ ಅಸೋಸಿಯೇಷನ್' ಅದನ್ನು ತನ್ನ ಮುಖಪತ್ರವಾಗಿಸಿಕೊಂಡಿತು. ಈ ಸಂಘವು ಸದಸ್ಯರಿಗೆ ಜೀವವಿಮೆ ಒದಗಿಸುವ ಸಹಾಯಕ ಸಂಸ್ಥೆ. ಆದುದರಿಂದ ಸಂಪಾದಕರು ಬದಲಾದರೂ ಪತ್ರಿಕೆ ಅನಾಥವಾಗಲಿಲ್ಲ. 1933ರಲ್ಲಿ ಸಂಘವು ತರುಣರಿಗಾಗಿ ಇಂಗ್ಲಿಷಿನಲ್ಲಿ 'ಉಕ್ರೇನಿಯನ್ ವೀಕ್ಲಿ'ಯನ್ನೂ ಹೊರತಂದಿತು. 'ಸ್ವೊಬೊದಾ' 1998ರಲ್ಲಿ ದಿನಪತ್ರಿಕೆಯಿಂದ ವಾರಪತ್ರಿಕೆಗೆ ಇಳಿಯಿತಾದರೂ ನೂರಿಪ್ಪತ್ತೈದು ವರ್ಷಗಳನ್ನು ದಾಟಿ ಬದುಕಿತು.

ಹಾಗಾದರೆ ಒಡೆತನ ಸಮುದಾಯದ್ದಾದರೆ ಸಾಕೇ? ಸಾಲದು. 1984ರಲ್ಲಿ ಮಂಗಳೂರಿನಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಕೂಡಿಸಿ 'ಮುಂಗಾರು' ಪತ್ರಿಕೆಯನ್ನು ಕಟ್ಟಿದರು. ಧ್ಯೇಯ ಉನ್ನತವಾಗಿತ್ತು, ಓದುಗರ ಪ್ರೀತಿಯೂ ಇತ್ತು. ಆದರೂ ಹಣದ ಮುಗ್ಗಟ್ಟಿನಿಂದ ಅದು ಶೆಟ್ಟರ ಕೈಯಲ್ಲಿ ಒಂದು ದಶಕವೂ ನಿಲ್ಲಲಿಲ್ಲ. ಷೇರಿನ ಹಣ ಒಮ್ಮೆ ಬರುವಂಥದು. ವಿಮೆಯ ಕಂತು ತಪ್ಪದೆ ಬರುವಂಥದು. ವ್ಯತ್ಯಾಸ ಇಲ್ಲಿದೆ.

ನಮ್ಮ ಸಂಚಿಕೆಗಳ ಸ್ಥಿತಿಯಾದರೂ ಏನು? ಹಲವೆಡೆ ಅವು ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತಿವೆ. ಅವರು ದಣಿದರೆ ವಿಳಾಸಪಟ್ಟಿ, ಹಳೆಯ ಸಂಚಿಕೆಗಳು, ಕೊನೆಗೆ ಹೆಸರು ಸಹ ಯಾರ ಪಾಲಾಗಬೇಕು? ಇವೆಲ್ಲ ಸಂಘದ ಆಸ್ತಿಯೆಂದು ನಿಬಂಧನೆಯಲ್ಲಿ ಬರೆದಿಡಬೇಕು. ವಾರ್ಷಿಕ ಚಂದಾದಲ್ಲಿ ಒಂದು ಪಾಲನ್ನು ಸಂಚಿಕೆಗೆಂದೇ ಮೀಸಲಿಡಬೇಕು. ಇಲ್ಲಿ ಹುಟ್ಟಿದ ಮಕ್ಕಳಿಗೆ ಅವರು ಓದಬಲ್ಲ ಭಾಷೆಯಲ್ಲಿ ಕೆಲವು ಪುಟಗಳನ್ನು ಬಿಟ್ಟುಕೊಡಬೇಕು. ಕನ್ನಡದ ಪುಟಗಳನ್ನು ನಾಳೆ ಕಾಯಬೇಕಾದವರು ಅವರೇ ಅಲ್ಲವೇ?