ಖಾನೆ ಎಷ್ಟು, ಮರ್ದುಮ್ ಎಷ್ಟು

ಮಧ್ಯಾಹ್ನ ಒಂದಕ್ಕೆ ಶಾಲೆಯ ಗಂಟೆ ಹೊಡೆಯುತ್ತದೆ. ಮಕ್ಕಳು ಊಟದ ತಟ್ಟೆ ತೊಳೆದಿಟ್ಟು ಗೇಟಿನಾಚೆ ಓಡಿದರೂ ಅಕ್ಕ ಇನ್ನೂ ತನ್ನ ಡಬ್ಬಿ ಬಿಚ್ಚಿರುವುದಿಲ್ಲ. ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ನಿಂತಲ್ಲೇ ಮುಗಿಸಿ, ಕೈತೊಳೆದು ಚೀಲ ಹೆಗಲಿಗೇರಿಸುತ್ತಾಳೆ. ಚೀಲದ ತುಂಬ ಫಾರ್ಮಿನ ಕಟ್ಟು, ಜಾತಿಗಳ ಕೋಡ್ ಪಟ್ಟಿ, ಪರೀಕ್ಷೆಗೆ ಹುಡುಗರು ತರುವಂಥ ರಟ್ಟು, ಎರಡು ಪೆನ್ನು, ನೀರಿನ ಬಾಟಲಿ. “ನಡಿ ತಮ್ಮಾ, ಚಾರ್‌ಮಿನಾರ್ ನೋಡಿದಿ, ಗೋಲ್ಕೊಂಡ ನೋಡಿದಿ. ಈಗ ಹೈದರಾಬಾದ್ ನೋಡು” ಅಂದಳು.

ಅದು 2024ರ ನವೆಂಬರ್. ಬೀದರಿನಿಂದ ಹತ್ತು ದಿನದ ಮಟ್ಟಿಗೆ ಅಕ್ಕನ ಮನೆಗೆ ಹೋದ ನಾನು ಅವಳ ನೀರಿನ ಬಾಟಲಿ ಹೊರುವ ಆಳಾಗಿಬಿಟ್ಟೆ. ತೆಲಂಗಾಣದ ‘ಸಮಗ್ರ ಇಂಟಿಂಟಿ ಕುಟುಂಬ ಸರ್ವೇ’ ಆ ತಿಂಗಳ 6ಕ್ಕೆ ಶುರುವಾಗಿತ್ತು. ಮೊದಲ ಮೂರು ದಿನ ಮನೆಮನೆಗೆ ಸ್ಟಿಕ್ಕರ್ ಅಂಟಿಸುವ ಕೆಲಸ, 9ರಿಂದ ಪ್ರಶ್ನೆ ಕೇಳುವ ಕೆಲಸ. ಪ್ರಶ್ನೆಗಳೇನು ಒಂದೆರಡಲ್ಲ: ಮುಖ್ಯವಾದವು 56, ಅವುಗಳ ಬಾಲ ಹಿಡಿದು ಬಂದವು 19. ಹೆಸರು, ವಯಸ್ಸು, ಜಾತಿ, ಉಪಜಾತಿ, ತಾಯಿನುಡಿಯಿಂದ ಹಿಡಿದು ಸಾಲ, ಜಮೀನು, ಕುಲಕಸುಬಿನಿಂದ ಬಂದ ಕಾಯಿಲೆ, ಕಕ್ಕಸು, ಫ್ರಿಜ್ಜಿನವರೆಗೆ. ಪ್ರಾಥಮಿಕ ಶಾಲೆಗಳನ್ನು ಅರ್ಧ ದಿನಕ್ಕೆ ಇಳಿಸಿ 36 ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಬೀದಿಗೆ ಇಳಿಸಿದ್ದರು. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಬೇರೆ. ಒಬ್ಬೊಬ್ಬರಿಗೆ ಸುಮಾರು ನೂರೈವತ್ತು ಮನೆಯ ಒಂದು ಬ್ಲಾಕು.

ನಮ್ಮ ಅಜ್ಜ ಜನಗಣತಿಗೆ ‘ಮರ್ದುಮ್ ಶುಮಾರಿ’ ಎನ್ನುತ್ತಿದ್ದ. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳ ರಾಜಧಾನಿ ಇದೇ ಹೈದರಾಬಾದ್ ತಾನೆ. ಕಚೇರಿಯ ಉರ್ದು ಅಜ್ಜನ ಕನ್ನಡದೊಳಗೆ ಕಲಸಿಹೋಗಿತ್ತು. ಆಮೇಲೆ ಧಾರವಾಡದಲ್ಲಿ ಓದುವಾಗ ಹಳೇ ಮೈಸೂರಿನ ಕಡತಗಳಲ್ಲಿ ಇದೇ ಕೆಲಸಕ್ಕೆ ಇನ್ನೊಂದು ಮಾತು ಸಿಕ್ಕಿತು: ‘ಖಾನೇಸುಮಾರಿ’. ಎರಡೂ ಫಾರಸಿಯ ಮಕ್ಕಳೇ. ಖಾನೆ ಅಂದರೆ ಮನೆ, ಮರ್ದುಮ್ ಅಂದರೆ ಮಂದಿ. ಒಂದು ಮನೆಯ ಲೆಕ್ಕ, ಇನ್ನೊಂದು ಮಂದಿಯ ಲೆಕ್ಕ. ಇವೆರಡಕ್ಕೂ ಅಷ್ಟೊಂದು ಅಂತರ ಇದ್ದೀತು ಎಂದು ಆಗ ನನಗೆ ಹೊಳೆದಿರಲಿಲ್ಲ.

ಅಕ್ಕನ ಬ್ಲಾಕೇ ವಿಚಿತ್ರದ್ದು. ಫಿಲಂನಗರದ ಕಡೆ ಬಂಡೆಗಳ ಇಳಿಜಾರಿಗೆ ಕಚ್ಚಿಕೊಂಡ ಬಸ್ತಿಯ ನಾಲ್ಕು ಗಲ್ಲಿ. ಅದರ ನೆತ್ತಿಯ ಮೇಲೆ ಜೂಬಿಲಿ ಹಿಲ್ಸ್‌ನ ಒಂದು ರಸ್ತೆ. ನಡುವೆ ಒಂದು ಗೋಡೆ, ಅದರ ಮೇಲೆ ಗಾಜಿನ ಚೂರು.

ಬಸ್ತಿಯಲ್ಲಿ ನಾವು ಯಾರ ಬಾಗಿಲನ್ನೂ ಬಡಿಯಲಿಲ್ಲ. ಗಲ್ಲಿಯ ಬಾಯಿಗೆ ಬಂದದ್ದೇ ಒಬ್ಬ ಹುಡುಗ “ಸರ್ವೇ ಟೀಚರ್ ವಚ್ಚಿಂದಿ!” ಎಂದು ಕೂಗುತ್ತ ಓಡಿದ. ಯಾರದೋ ಮನೆಯ ಕೆಂಪು ಪ್ಲಾಸ್ಟಿಕ್ ಕುರ್ಚಿ ಹೊರಗೆ ಬಂತು. ಆಮೇಲೆ ಆ ಕುರ್ಚಿ ನಮ್ಮನ್ನು ಬಿಡಲೇ ಇಲ್ಲ. ಒಂದು ಮನೆ ಮುಗಿದರೆ ಹುಡುಗರು ಅದನ್ನು ತಲೆಯ ಮೇಲೆ ಹೊತ್ತು ಮುಂದಿನ ಮನೆಗೆ ಒಯ್ದಿಡುವರು. ಎರಡಾಳು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿ. ಕುರ್ಚಿ ಇಟ್ಟರೆ ಸಂಚಾರ ಬಂದ್. ಬಂದವರೆಲ್ಲ ಅಲ್ಲೇ ನಿಂತು, ಪಕ್ಕದ ಮನೆಯ ಉತ್ತರಗಳಿಗೆ ತಿದ್ದುಪಡಿ ಹೇಳುವರು.

ಪ್ರತಿ ಮನೆಯಲ್ಲೂ ಸೀರೆ ಅಂಗಡಿಯ ಒಂದು ಕ್ಯಾರಿಬ್ಯಾಗು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಕರೆಂಟ್ ಬಿಲ್ಲು, ಸತ್ತವರ ಫೋಟೊ ಎಲ್ಲ ಅದರೊಳಗೆ. ಆಧಾರ್ ನೋಡಿದರೆ ಅರ್ಧ ಗಲ್ಲಿ ಹುಟ್ಟಿದ್ದೇ ಜನವರಿ 1ಕ್ಕೆ. ಒಬ್ಬ ಮುದುಕಿ ಅದನ್ನು ಒಪ್ಪಲಿಲ್ಲ. ಪೊಲೀಸ್ ಆ್ಯಕ್ಷನ್ ಆದಾಗ ತಾನು ಮೊಲೆ ಕುಡಿಯುತ್ತಿದ್ದೆನಂತೆ, ತಾಯಿ ತನ್ನನ್ನು ಜೋಳದ ಹೊಲದಲ್ಲಿ ಅಡಗಿಸಿಟ್ಟಿದ್ದಳಂತೆ. ಅಕ್ಕ ಬೆರಳು ಮಡಚಿದಳು: 1948ರ ಸೆಪ್ಟೆಂಬರ್, ಅಂದರೆ ಈಗ ಎಪ್ಪತ್ತಾರು ಮುಗಿದು ಎಪ್ಪತ್ತೇಳು. ಕಾರ್ಡಿನಲ್ಲಿ ಅರವತ್ತೆಂಟು! “ಕಾರ್ಡಿಂದೇ ಬರೀತೀನವ್ವಾ” ಅಂದಾಗ ಮುದುಕಿ, ಕಳೆದುಹೋದ ಎಂಟು ವರ್ಷವನ್ನು ಯಾರು ಕೊಡುತ್ತಾರೆ ಎಂಬಂತೆ ನನ್ನ ಮುಖ ನೋಡಿದಳು.

ವಾರ್ಷಿಕ ಆದಾಯ ಎಂಬ ಪ್ರಶ್ನೆ ಬಂದಾಗ ಗಲ್ಲಿಯೇ ಗಣಿತದ ತರಗತಿ. ಸೆಂಟ್ರಿಂಗ್ ಕೆಲಸದವನಿಗೆ ದಿನಕ್ಕೆ ಏಳುನೂರು. ಸರಿ, ವರ್ಷಕ್ಕೆ ಎಷ್ಟು ದಿನ? ಮಳೆಗಾಲ ಕಳೆ, ಸಂಕ್ರಾಂತಿಗೆ ಊರಿಗೆ ಹೋಗುವ ಹದಿನೈದು ದಿನ ಕಳೆ, ಬೋನಾಲು ಹಬ್ಬ ಕಳೆ, ಹೆಂಡತಿಗೆ ಜ್ವರ ಬಂದ ವಾರ ಕಳೆ, ಮೇಸ್ತ್ರಿ ದುಡ್ಡು ಕೊಡದೆ ಓಡಿಹೋದ ತಿಂಗಳು ಕಳೆ. ಅಕ್ಕ ರಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಕಳೆಯುತ್ತಲೇ ಹೋದಳು. ಫ್ರಿಜ್ ಇದೆಯೇ? ಇದೆ. ಓಡುತ್ತದೆಯೇ? ಇಲ್ಲ, ಅದರಲ್ಲಿ ಮಕ್ಕಳ ಪುಸ್ತಕ, ಅಕ್ಕಿ ಇಟ್ಟಿದ್ದೇವೆ, ಇಲಿ ಕಾಟ. ದನಕರು? ಹಿಂದಿನ ಸಾಲಿನಿಂದ ಒಬ್ಬಳು, “ಸೊಳ್ಳೆ ಬರೆದುಕೋ ಟೀಚರಮ್ಮಾ, ಮನೆಗೆ ಸಾವಿರ ಇವೆ” ಎಂದು ತೆಲುಗಿನಲ್ಲಿ ಕೂಗಿದಳು.

ನಗೆಯ ಅಡಿಯಲ್ಲಿ ಹೆದರಿಕೆಯೂ ಇತ್ತು. ಇದರಲ್ಲಿ ಬರೆಸಿದರೆ ಹೊಸ ರೇಷನ್ ಕಾರ್ಡ್ ಬರುತ್ತದಂತೆ ಎಂದು ಒಬ್ಬರು, ಫ್ರಿಜ್ ಇದೆ ಎಂದು ಬರೆಸಿದರೆ ಇದ್ದದ್ದೂ ಹೋಗುತ್ತದಂತೆ ಎಂದು ಇನ್ನೊಬ್ಬರು. ಹತ್ತು ವರ್ಷದ ಹಿಂದಿನದನ್ನು ಯಾರೂ ಮರೆತಿರಲಿಲ್ಲ. 2014ರ ಆಗಸ್ಟ್ 19ರಂದು, ರಾಜ್ಯ ಹುಟ್ಟಿ ಮೂರು ತಿಂಗಳೂ ಆಗಿರದಾಗ, ಒಂದೇ ದಿನದಲ್ಲಿ ಎಲ್ಲರನ್ನೂ ಎಣಿಸಿಬಿಡುತ್ತೇವೆಂದು ಸರ್ಕಾರ ರಜೆ ಕೊಟ್ಟಿತ್ತು. ಅಂಗಡಿ ಮುಚ್ಚಿ, ಬಸ್ಸು ನಿಂತು, ನಗರ ಕರ್ಫ್ಯೂ ಬಿದ್ದಂತಿತ್ತು. ಊರಲ್ಲಿ ಹೆಸರು ತಪ್ಪೀತು ಎಂದು ಹಿಂದಿನ ರಾತ್ರಿಯೇ ಮಂದಿ ರೈಲಿನ ಬಾಗಿಲಿಗೆ ಜೋತುಬಿದ್ದು ಪಾಲಮೂರಿಗೆ, ನಲ್ಗೊಂಡಕ್ಕೆ ಹೋಗಿದ್ದರು. ಲೆಕ್ಕದಿಂದ ತಪ್ಪಿಹೋದರೆ ಆಗುವ ನಷ್ಟ ಬಡವನಿಗೆ ಗೊತ್ತು. 2011ರ ಗಣತಿಯಲ್ಲಿ ಮಹಾನಗರಪಾಲಿಕೆಯ 67 ಲಕ್ಷ ಚಿಲ್ಲರೆ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಬಸ್ತಿಗಳವರೇ ಇದ್ದರು.

ಒಬ್ಬ ಹೆಂಗಸು ಮಾತ್ರ ಕಾಯಿಲೆಯ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ಒಳಗೆ ಹೋಗಿ ಕೇಳೋಣವೆಂದರೆ ಇದ್ದ ಒಂದೇ ಕೋಣೆಯಲ್ಲಿ ರಾತ್ರಿ ಪಾಳಿಯ ಗಂಡ ಮಲಗಿದ್ದ. ಗಲ್ಲಿಯ ಹತ್ತು ಕಿವಿ ಇತ್ತಲೇ ನೆಟ್ಟಿದ್ದವು. ಅವಳು ಅಕ್ಕನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಅಂಗೈ ಮೇಲೆ ಏನೋ ಬರೆದು ತೋರಿಸಿ, ಕೂಡಲೇ ಸೆರಗಿನಿಂದ ಒರೆಸಿಕೊಂಡಳು. ಗುಟ್ಟು ಇಟ್ಟುಕೊಳ್ಳುವುದಕ್ಕೂ ಒಂದು ಬಾಗಿಲು ಬೇಕು.

ಮೂರನೇ ಗಲ್ಲಿಯ ಕೊನೆಗೆ ಒಬ್ಬ ಗೌಂಡಿ. ತಾಯಿನುಡಿ ಕೇಳಿದರೆ “ತೆಲುಗು” ಅಂದ. ಅಂದ ರೀತಿಯೇ ಬೇರೆ ಇತ್ತು. ಅಕ್ಕ ತಲೆಯೆತ್ತದೆ, ಫಾರ್ಮಿಗೇ ಹೇಳುವಂತೆ, “ಯಾವೂರ್ರಿ?” ಅಂದಳು.

ಅವನ ಮುಖ ಅರಳಿತು. “ಯಾದಗಿರಿ ಕಡಿ, ಅಕ್ಕಾರ. ನೀವೂ ಕನ್ನಡದವರೇನ್ರಿ?”

“ಮತ್ತ ತೆಲುಗು ಯಾಕ ಬರಸ್ಲತ್ತಿದ್ರಿ?”

“ಹೊರಗಿನವ್ರು ಅಂತ ತಗದುಬಿಟ್ರ ಏನ್ ಮಾಡ್ಲಿ? ಹನ್ನೆರಡು ವರ್ಷ ಆತ್ರಿ ಇಲ್ಲಿ ಗ್ವಾಡಿ ಕಟ್ಟಾಕತ್ತು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ, “ಕನ್ನಡ ಅಂತನ ಬರೀರಿ, ಆದದ್ದಾಗ್ಲಿ” ಅಂದ. ಚಹಾ ತಂದುಕೊಟ್ಟ. ಅಕ್ಕ ಬೇರೆ ಯಾವ ಮನೆಯಲ್ಲೂ ಚಹಾ ಮುಟ್ಟಿರಲಿಲ್ಲ.

ಮೇಲಿನ ರಸ್ತೆಗೆ ಹೋಗಲು ಬಸ್ತಿಯಿಂದ ದಾರಿಯಿಲ್ಲ. ಸುತ್ತಿ ಬಳಸಿ, ಆಟೋ ಹಿಡಿದು ಹೋಗಬೇಕು. ಗೋಡೆ ಹಾರಿದರೆ ಮೂವತ್ತು ಹೆಜ್ಜೆ. ಅಲ್ಲಿ ಮೊದಲು ಕೇಳಿಸುವುದು ನಿಶ್ಶಬ್ದ, ಆಮೇಲೆ ನಾಯಿ. ಈ ಗುಡ್ಡಗಳೂ ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಬಂಡೆಗಳೇ. ಪಕ್ಕದ ಬಂಜಾರ ಹಿಲ್ಸ್‌ನಲ್ಲಿ 1930ರ ದಶಕದಲ್ಲಿ ಮೆಹದಿ ನವಾಜ್ ಜಂಗ್ ಬಂಡೆಗಳ ನಡುವೆಯೇ ಮನೆ ಕಟ್ಟಿಸಿದರು. ಅಲ್ಲಿ ತಿರುಗಾಡಿಕೊಂಡಿದ್ದ ಬಂಜಾರರ ಹೆಸರು ಗುಡ್ಡಕ್ಕೆ ಉಳಿಯಿತು, ಬಂಜಾರರು ಉಳಿಯಲಿಲ್ಲ. ಜೂಬಿಲಿ ಹಿಲ್ಸ್ ಎದ್ದದ್ದು 1960ರ ದಶಕದಲ್ಲಿ, ಚಲ್ಲಗಳ್ಳ ನರಸಿಂಹಂ ಕಟ್ಟಿದ ಗೃಹನಿರ್ಮಾಣ ಸಹಕಾರ ಸಂಘದಿಂದ. ಇವತ್ತು ಅದೇ ಬಂಡೆ ತೋಟದ ಅಲಂಕಾರವಾಗಿ, ಬುಡಕ್ಕೆ ವಿದ್ಯುದ್ದೀಪ ಇಟ್ಟುಕೊಂಡು ನಿಂತಿದೆ.

ಸ್ಟಿಕ್ಕರಿನಿಂದಲೇ ತಕರಾರು. ಗ್ರಾನೈಟಿಗೆ ಅಂಟಿಸಬೇಡಿ ಎಂದು ಒಬ್ಬ ವಾಚ್‌ಮನ್, ತೇಗದ ಬಾಗಿಲಿಗೆ ಬೇಡ ಎಂದು ಇನ್ನೊಬ್ಬ. ಕೊನೆಗೆ ಎಲ್ಲ ಮನೆಗಳದ್ದೂ ಕರೆಂಟ್ ಮೀಟರಿನ ಡಬ್ಬಿಯ ಮೇಲೆ ಹೋಗಿ ಕೂತಿತ್ತು. “ಇಲ್ಲಿ ಗೇಟ್ ಕಾಣ್ತಾವ, ಮಂದಿ ಕಾಣಂಗಿಲ್ಲ ತಮ್ಮಾ” ಎಂದು ಅಕ್ಕ ಗುಂಡಿ ಒತ್ತಿದಳು. ಗೋಡೆಯೊಳಗಿಂದ ಒಂದು ದನಿ, ಯಾರು ಎಂದಿತು. ಸರ್ವೇ. ಸಾರ್ ಇಲ್ಲ. ಯಾವಾಗ ಬರಲಿ? ಗೊತ್ತಿಲ್ಲ. ಮುಂದಿನ ಮನೆಯಲ್ಲಿ ಮ್ಯಾನೇಜರ್ ಬಂದು, ಪ್ರಶ್ನೆಗಳನ್ನು ವಾಟ್ಸಾಪ್ ಮಾಡಿ ಎಂದ. ಅದರ ಮುಂದಿನದರಲ್ಲಿ ಒಬ್ಬಾಕೆ ಕಾರಿನ ಗಾಜು ನಾಲ್ಕು ಬೆರಳು ಇಳಿಸಿ, ಸಾಲದ ವಿಚಾರ ನಿಮಗ್ಯಾಕೆ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಕೆಳಗಿನ ಗಲ್ಲಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ ಅಷ್ಟೆ.

ಹಿಂದಿನ ಗಣತಿಗಳಲ್ಲಿ ಒಂದು ಅನುಕೂಲವಿತ್ತು: ಹೆಣ್ಣುಮಕ್ಕಳ ಹೆಸರು ಹೇಳಲು ಮನೆಯವರು ಒಪ್ಪದಿದ್ದರೆ ಬರೀ ‘ಹೆಣ್ಣು’ ಎಂದು ಬರೆದುಕೊಂಡು ಮುಂದೆ ನಡೆಯುವುದು. 1901ರಲ್ಲಿ ಮಿರ್ಜಾ ಮೆಹದಿ ಖಾನರು ನಿಜಾಮರ ರಾಜ್ಯದ ಗಣತಿ ನಡೆಸಿ ಹೈದರಾಬಾದ್ ನಗರದ ಜನಸಂಖ್ಯೆ 4,48,466 ಎಂದು ಬಿಡಿ ಎಣಿಕೆ ಕೊಟ್ಟರಲ್ಲ, ಅದರೊಳಗೆ ಪರದೆಯ ಹಿಂದಿನ ಹೆಸರಿಲ್ಲದವರೂ ಇದ್ದಾರೆ. ಈಗ ಹೆಂಗಸರು ಹೊರಗೆ ಬಂದು ಕಾರು ಓಡಿಸುತ್ತಿದ್ದಾರೆ. ಪರದೆಯನ್ನು ಮನೆಯೇ ಹಾಕಿಕೊಂಡಿದೆ.

ಆದರೆ ಗೇಟಿಗೆ ಅಂಟಿದ ಆ ಎಂಟಡಿಯ ಕೋಣೆಗಳಿದ್ದವಲ್ಲ! ಒಂದರಲ್ಲಿ ಶ್ರೀಕಾಕುಳಂನ ವಾಚ್‌ಮನ್, ಹೆಂಡತಿ, ಎರಡು ಮಕ್ಕಳು. ಹಿಂದಿನ ಶೆಡ್ಡಿನಲ್ಲಿ ಡ್ರೈವರು. ಅವರು ಕೇಳಿದ್ದಕ್ಕೂ ಕೇಳದಿದ್ದಕ್ಕೂ ಉತ್ತರ ಕೊಟ್ಟರು. ವಾಚ್‌ಮನ್ನನ ಹೆಂಡತಿ ತೋಟದ ಸೀಬೆಹಣ್ಣು ತಂದು ಮಡಿಲಿಗೆ ಹಾಕಿದಳು. ಅಕ್ಕನ ಕಟ್ಟಿನಲ್ಲಿ ಬಂಗಲೆಯ ಫಾರ್ಮು ಖಾಲಿ. ಅದೇ ಮನೆ ನಂಬರಿನ ಬಾಲಕ್ಕೆ ಅಂಟಿದ ವಾಚ್‌ಮನ್ ರೂಮಿನ ಫಾರ್ಮು ಅಂಚಿನವರೆಗೂ ಭರ್ತಿ. ಮೂರನೇ ಸಲ ಹೋದಾಗಲೂ ದೊಡ್ಡ ಬಾಗಿಲು ತೆರೆಯಲಿಲ್ಲ. ಮೂರು ಸಲ ಆದ ಮೇಲೆ ಬರೆಯಬೇಕಾದದ್ದು ‘ಡೋರ್ ಲಾಕ್’. ಅಕ್ಕ ರಟ್ಟನ್ನು ಮೊಣಕೈಗೆ ಆನಿಸಿಕೊಂಡು ಬರೆಯುತ್ತಿರುವಾಗ ಒಳಗೆ ಕುಕ್ಕರು ಸೀಟಿ ಹೊಡೆಯಿತು. ಅಕ್ಕ ಅಕ್ಷರ ಪೂರ್ತಿ ಮಾಡಿದಳು. ಇನ್ನೊಂದು ಸೀಟಿ ಬಂತು.

ಎಲ್ಲರೂ ಹಾಗಿದ್ದರೆ ಬರೆಯುವುದು ಸುಲಭವಿತ್ತು. ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯರು ತಾವೇ ಬಂದು ಗೇಟು ತೆಗೆದರು, ಸೋಫಾದ ಮೇಲಿನ ಪೇಪರು ಎತ್ತಿ ಕೂರಿಸಿದರು, ಫಿಲ್ಟರ್ ಕಾಫಿ ಮಾಡಿದವರೂ ಅವರೇ. ಎಪ್ಪತ್ತೈದು ಪ್ರಶ್ನೆ ಸಾಲದಾಯಿತು. ವಲಸೆ ಹೋದವರಿದ್ದಾರೆಯೇ ಎಂಬಲ್ಲಿಗೆ ಬಂದಾಗ ಎದ್ದುಹೋಗಿ ಕನ್ನಡಕ ತಂದರು. ಇಬ್ಬರು ಮಕ್ಕಳು, ಡಲ್ಲಾಸ್ ಮತ್ತು ಸಿಡ್ನಿ. ಮೊಮ್ಮಕ್ಕಳ ಹೆಸರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮೊಮ್ಮಕ್ಕಳ ಹೆಸರಿಗೆ ಆ ಕಾಲಮ್ಮಿನಲ್ಲಿ ಜಾಗವಿಲ್ಲ ಎಂದು ಅಕ್ಕ ಹೇಳಲಿಲ್ಲ, ಅಂಚಿನಲ್ಲಿ ಬರೆದುಕೊಂಡಳು.

2025ರ ಫೆಬ್ರವರಿಯಲ್ಲಿ ಲೆಕ್ಕ ಹೊರಬಿತ್ತು. 1 ಕೋಟಿ 12 ಲಕ್ಷಕ್ಕೂ ಮೀರಿದ ಕುಟುಂಬ, ಸುಮಾರು 3 ಕೋಟಿ 54 ಲಕ್ಷ ಜನ; ನೂರಕ್ಕೆ 96.9 ಮನೆಗಳು ಮುಗಿದಿವೆ, ಉಳಿದ 3.1ರಲ್ಲಿ ಸುಮಾರು 16 ಲಕ್ಷ ಮಂದಿ ಮನೆಯಲ್ಲಿರಲಿಲ್ಲ ಅಥವಾ ಆಸಕ್ತಿ ತೋರಲಿಲ್ಲ ಎಂದರು. ತಪ್ಪಿದವರಿಗಾಗಿ ಅದೇ ತಿಂಗಳ 16ರಿಂದ 28ರವರೆಗೆ ಇನ್ನೊಂದು ಅವಕಾಶ ಕೊಟ್ಟರು, ಫೋನು ಮಾಡಿದರೆ ಮನೆಗೇ ಬರುವ ಏರ್ಪಾಟು. ಆ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಕರ್ನಾಟಕದ ಸಮೀಕ್ಷೆ ಶುರುವಾದ ಮೇಲೆ ಬೆಂಗಳೂರಿನ ಶಿಕ್ಷಕಿಯರ ಮುಖಗಳನ್ನು ಟಿ.ವಿ.ಯಲ್ಲಿ ನೋಡಿ ಅಕ್ಕ ಫೋನು ಮಾಡಿದ್ದಳು: “ಗೇಟ್ ಎಲ್ಲಾ ಕಡಿ ಅವೇ ನೋಡಪಾ.” 2027ರ ಜನಗಣತಿಯಲ್ಲಿ ಮನೆಯವರೇ ಮೊಬೈಲಿನಲ್ಲಿ ತುಂಬಿಕೊಳ್ಳಬಹುದಂತೆ. ಕುಕ್ಕರಿನ ಮನೆಯವರು ತುಂಬುತ್ತಾರೋ ನೋಡಬೇಕು.

ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಇಬ್ಬರೂ ಮನೆಗೆ ಬಂದಾಗ ಏಳೂವರೆ. ಮೆಟ್ಟಿಲ ದೀಪ ಹಾಕಿ ಅಕ್ಕ ಕೀಲಿಕೈ ಹುಡುಕುತ್ತ ನಿಂತಳು. ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿಸಿತ್ತು. ಅವಳಂಥದೇ ಅವಸರದ ಕೈಬರಹ. ಇನ್ನಾವುದೋ ಶಾಲೆಯ ಟೀಚರಿರಬೇಕು. ಎರಡು ಸಲ ಬಂದಿದ್ದೆ, ಬೀಗ ಹಾಕಿತ್ತು, ನಾಳೆ ಮಧ್ಯಾಹ್ನ ಎರಡಕ್ಕೆ ದಯವಿಟ್ಟು ಮನೆಯಲ್ಲಿರಿ ಎಂದು ತೆಲುಗಿನಲ್ಲಿ ಬರೆದು, ಕೆಳಗೆ ಫೋನ್ ನಂಬರ್.

“ನಾಳಿ ಎರಡಕ್ಕ ನಾ ಎಲ್ಲಿರ್ತೀನಿ!” ಎಂದು ಅಕ್ಕ ಚೀಲವನ್ನು ಬಾಗಿಲ ಬುಡಕ್ಕೆ ಇಳಿಸಿದಳು. ಸೀಬೆಹಣ್ಣೆರಡು ಉರುಳಿ ಮೆಟ್ಟಿಲ ಕಡೆ ಹೋದವು. ನಾನು ಅವನ್ನು ಹಿಡಿದು ತರುವಷ್ಟರಲ್ಲಿ ಅವಳು ಚೀಟಿಯ ನಂಬರನ್ನು ಒತ್ತಿ, ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಬೀಗ ತೆಗೆಯುತ್ತಿದ್ದಳು.